ರಕ್ಕಸಿ ಹೆಂಗ ಬರಬೇಕು?

ಮರಾಠಿ ನಾಡಿನ ಗಡಿಯೂರಿನಲ್ಲಿ, ನವಿ ಪೇಠದ ನಮ್ಮ ಬಟ್ಟೆ ಅಂಗಡಿಯ ಹಿಂಭಾಗದಲ್ಲಿ ಬ್ಲೌಸ್ ಪೀಸುಗಳನ್ನು ಒಟ್ಟುವ ಒಂದು ಸಣ್ಣ ಕೋಣೆಯಿದೆ. ನಾಲ್ಕೂ ಗೋಡೆಗೆ ಬಟ್ಟೆ ಇರುವುದರಿಂದ ಒಳಗೆ ಕೂತು ಕೂಗಿಕೊಂಡರೂ ಹೊರಗಿನವರಿಗೆ ಕೇಳುವುದಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳ ತಂದೆಯಾಗಿ, ದಪ್ಪ ಮೀಸೆ ಇಟ್ಟುಕೊಂಡು, ನಾನು ರಕ್ಕಸಿಯಾದದ್ದು ಆ ಕೋಣೆಯಲ್ಲಿ.

ಅದಕ್ಕೆ ಕಾರಣ ನನ್ನ ಬೆನ್ನು. ಒಂದು ದಿನ ಬಟ್ಟೆಯ ಥಾನು ಎತ್ತುವಾಗ ಬೆನ್ನಿನಲ್ಲಿ ಏನೋ ಟಕ್ ಅಂದಿತು. ಡಾಕ್ಟರು ಸೊಂಟಕ್ಕೆ ಬೆಲ್ಟು ಬಿಗಿದು, ಆರು ತಿಂಗಳು ಏನೂ ಎತ್ತಬೇಡಿ ಅಂದರು. ಅಂಗಡಿಯ ಯಜಮಾನ ನಮ್ಮಣ್ಣ. ಅವನು ನನ್ನನ್ನು ಮುಂದಿನ ಗಾದಿಯಿಂದ ಎಬ್ಬಿಸಿ ಹಿಂದಿನ ಕೋಣೆಗೆ ಕಳಿಸಿದ. ಗಿರಾಕಿಗಳು ತಂದ ಸೀರೆಗೆ ಹೊಂದುವ ಬ್ಲೌಸ್ ಬಣ್ಣ ಹುಡುಕಿ ಕೊಡುವುದಷ್ಟೇ ನನ್ನ ಕೆಲಸ. ಗಿಳಿ ಹಸಿರು, ಪಿಸ್ತಾ ಹಸಿರು, ಮೆಂತ್ಯದ ಹಸಿರು ನೋಡಿ ನೋಡಿ ಕಣ್ಣಿಗೆ ಹಸಿರು ಹಿಡಿಯಿತು. ಪೇಪರು ಓದಿದರೆ ಎದೆ ಉರಿ, ಮೊಬೈಲು ತೆರೆದರೆ ಎಲ್ಲರೂ ಎಲ್ಲರನ್ನೂ ಬೈಯುತ್ತಿದ್ದರು.

ಅಂಥದರಲ್ಲಿ ಅಣ್ಣನ ಮಗಳು, ಕಾಲೇಜಿಗೆ ಹೋಗುವವಳು, ಒಂದು ಮಧ್ಯಾಹ್ನ ಮೆಸೇಜು ಕಳಿಸಿದಳು. “ಕಾಕಾ, ಬೋರ್ ಆಗಾಕತ್ತದ. ಏನರ ಹೇಳ್ರಿ.” ಆಕೆ ಮನೆಯಲ್ಲಿ ಚಟಪಟ ಕನ್ನಡ ಮಾತಾಡುತ್ತಾಳೆ, ಓದಿದ್ದು ಮರಾಠಿ ಸಾಲಿಯಲ್ಲಿ. ಕನ್ನಡ ಅಕ್ಷರ ಅಂದರೆ ಆಕೆಗೆ ಜಿಲೇಬಿ. ಬರೆದು ಕಳಿಸಿ ಉಪಯೋಗವಿಲ್ಲ ಅಂತ ನಾನು ಫೋನಿನಲ್ಲಿ ಒಂದು ಕಥೆಯನ್ನೇ ಹೇಳಿ, ಆ ಧ್ವನಿಯನ್ನು ಕಳಿಸಿದೆ.

ಕಥೆಯ ಊರಿನ ಹೆಸರು ಆರಾಮವಾಡಿ. ಅಲ್ಲಿ ಕೆಟ್ಟದ್ದು ಏನೂ ನಡೆಯುವುದಿಲ್ಲ. ಅಲ್ಲೊಬ್ಬ ರಕ್ಕಸಿ ಇದ್ದಾಳೆ. ಮೊದಲು ಮನುಷ್ಯರನ್ನು ತಿನ್ನುತ್ತಿದ್ದಳು, ಆಮೇಲೆ ಆಸಿಡಿಟಿ ಆಯಿತು ಅಂತ ಬಿಟ್ಟಳು. ಈಗ ಒಂದು ಚಹಾದ ಅಂಗಡಿ ಇಟ್ಟಿದ್ದಾಳೆ. ಬಾಯಿಂದ ಬೆಂಕಿ ಊದಿ ಜೋಳದ ಭಾಕರಿಯನ್ನು ಕಡಕ್ ಮಾಡಿ, ಶೇಂಗಾ ಚಟ್ನಿ ಹಚ್ಚಿ ಕೊಡುತ್ತಾಳೆ. ಊರಿನಲ್ಲಿ ಕತ್ತಲಿಗೆ ಹೆದರುವ ಒಂದು ದೆವ್ವ, ಟಪಾಲು ಹಂಚುವ ಒಂದು ಗೂಗೆ, ತಗ್ಗು ದಿಬ್ಬ ರಿಪೇರಿ ಮಾಡುವ ಗೌಂಡಿ ಆಮೆ. ಒಂದಿಡೀ ಕಥೆಯಲ್ಲಿ ನಡೆದ ದೊಡ್ಡ ಘಟನೆ ಅಂದರೆ ಸಕ್ಕರೆ ಮುಗಿದದ್ದು. ಊರವರೆಲ್ಲ ಸೇರಿ ಬೆಲ್ಲ ತಂದುಕೊಟ್ಟರು. ಅಲ್ಲಿಗೆ ಕಥೆ ಮುಗಿಯಿತು.

ಅಣ್ಣನ ಮಗಳು ಅದನ್ನು ಗೆಳತಿಯರಿಗೆ ಕಳಿಸಿದಳು, ಅವರು ತಮ್ಮ ಅವ್ವಂದಿರಿಗೆ ಕಳಿಸಿದರು. “ಮುಂದಿಂದು ಯಾವಾಗ?” ಅಂತ ಎಲ್ಲ ಕಡೆಯಿಂದ ಕೇಳಿಕೆ ಬಂತು. ಆಕೆ ಇಂಟರ್‌ನೆಟ್ಟಿನಲ್ಲಿ ಒಂದು ಚಾನೆಲ್ಲೇ ತೆರೆದಳು. ನಾನು ರಕ್ಕಸಿಗೆ ನನ್ನ ಅಜ್ಜಿಯ ಒಡಕು ಧ್ವನಿ ಕೊಟ್ಟಿದ್ದೆ. ಹಾಗಾಗಿ ಕೇಳುವವರೆಲ್ಲ ಹೇಳುವಾಕೆ ಒಬ್ಬ ಮುದುಕಿ ಅಂದುಕೊಂಡು ‘ರಕ್ಕಸಿ ಆಯಿ’ ಅಂತ ಕರೆಯತೊಡಗಿದರು.

“ಕಾಕಾ, ನೀವು ಗಂಡಸು ಅಂತ ಯಾರಿಗೂ ಹೇಳಬ್ಯಾಡ್ರಿ, ಮಜಾ ಹೋಗ್ತದ” ಅಂದಳು ಆಕೆ. ನನಗೂ ಅದೇ ಬೇಕಾಗಿತ್ತು. ಪೇಠದ ವ್ಯಾಪಾರಿಗಳಿಗೆ ಗೊತ್ತಾದರೆ ನನ್ನ ಗತಿ ಏನು?

ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಎಲ್ಲರೂ ಊಟಕ್ಕೆ ಮನೆಗೆ ಹೋದಾಗ ನಾನು ಕೋಣೆಯಲ್ಲಿ ಕೂತು ಕಥೆ ಹೇಳುತ್ತಿದ್ದೆ. ಇದು ನನ್ನ ಹೆಂಡತಿಗೆ ವಿಚಿತ್ರವಾಗಿ ಕಂಡಿತು. ಮೂವತ್ತು ವರ್ಷ ಊಟದ ವೇಳೆ ತಪ್ಪಿಸದ ಗಂಡ ಈಗ ಯಾಕೆ ತಪ್ಪಿಸುತ್ತಾನೆ? ಒಂದು ದಿನ ಡಬ್ಬಿ ಹಿಡಿದುಕೊಂಡು ಹಿಂದಿನ ಬಾಗಿಲಿನಿಂದ ಬಂದಳು. ಕೋಣೆಯ ಬಾಗಿಲಿಗೆ ಕಿವಿ ಹಚ್ಚಿದರೆ ಒಳಗೆ ಒಂದು ಹೆಣ್ಣು ಧ್ವನಿ, “ಬಾರೊ ನನ್ನ ರಾಜಾ, ಬಿಸಿ ಬಿಸಿ ಚಹಾ ಕುಡಿ” ಅನ್ನುತ್ತಿದೆ. ಬಾಗಿಲು ಧಡ್ ಅಂತ ತೆರೆದಳು.

“ಯಾರಾಕಿ? ಎಲ್ಲಿ ಅಡಗಿಸೀರಿ?”

“ಯಾರೂ ಇಲ್ಲ. ನಾನು.”

“ಸುಳ್ಳ ಹೇಳಬ್ಯಾಡ್ರಿ. ಮುದುಕಿ ಧ್ವನಿ ಕೇಳೀನಿ.”

ನಾನು ಬೇರೆ ದಾರಿಯಿಲ್ಲದೆ ಆ ಧ್ವನಿಯಲ್ಲೇ, “ಬಾ ಮಗಳ, ಕುಂಡ್ರು” ಅಂದೆ. ಹೆಂಡತಿ ಥಾನಿನ ಮೇಲೆ ಕುಕ್ಕರಿಸಿದಳು. ಆಮೇಲೆ ರೆಕಾರ್ಡು ಮಾಡಿದ್ದನ್ನು ಮೊದಲಿನಿಂದ ಹಚ್ಚಲು ಹೇಳಿ ಪೂರ್ತಿ ಕೇಳಿದಳು. “ಚಹಾ ಸೋಸಿದ ಮ್ಯಾಲ ಹಸಿಶುಂಠಿ ಹಾಕ್ಯಾಳ ನಿಮ್ಮ ರಕ್ಕಸಿ. ಜಲ್ಮದಾಗ ಒಮ್ಮೆ ಚಹಾ ಮಾಡಿದ್ದರ ಗೊತ್ತಿರತಿತ್ತು” ಅಂದಳು. ಅವತ್ತಿನಿಂದ ಆಕೆ ಕೇಳಿ ಹೂಂ ಅನ್ನದೆ ಯಾವ ಕಥೆಯೂ ಹೊರಗೆ ಹೋಗಲಿಲ್ಲ.

ಹೀಗೆ ಸುಖವಾಗಿ ನಡೆದಿರುವಾಗ ಅಕ್ಕಲಕೋಟದಿಂದ ಒಬ್ಬ ಹೆಣ್ಣುಮಗಳ ಧ್ವನಿ ಬಂತು. ಹಿಂದೆ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿತ್ತು.

“ರಕ್ಕಸಿ ಆಯಿ, ನಮಸ್ಕಾರರಿ. ನಾ ಬ್ಲೌಸ್ ಹೊಲಿಯಾಕಿ. ಸಣ್ಣಾಕಿ ಇದ್ದಾಗ ಪೋಲಿಯೋ ಆಗಿ ಎರಡೂ ಕಾಲು ಹೋಗ್ಯಾವ. ಮೂರು ಗಾಲಿ ಸೈಕಲ್ ಮ್ಯಾಲ ಓಡಾಡ್ತೀನಿ. ನಿಮ್ಮ ಕಥಿ ದಿನಾ ಕೇಳ್ತೀನಿ. ಆದರ ಮೊದಲನೇ ಕಥಿಯೊಳಗ ನಿಮ್ಮ ಚಹಾದ ಅಂಗಡಿಗೆ ಏಳು ಪಾವಟಿಗಿ ಅದಾವ, ಎರಡೂ ಬಾಜೂ ಹೂವಿನ ಕುಂಡ ಅದಾವ ಅಂತ ಹೇಳೀರಿ. ಹಂಗಾರ ನಾನು ಹೊರಗs ಉಳದೆ ನೋಡ್ರಿ. ಈ ಊರಿನ ಪಾವಟಿಗಿ ಮರೀಲಿಕ್ಕೆ ನಿಮ್ಮ ಕಥಿ ಕೇಳತಿದ್ದೆ. ನೀವೂ ಪಾವಟಿಗಿ ಕಟ್ಟಿ ಕುಂತೀರಿ.”

ಪಾವಟಿಗೆ ಅಂದರೆ ಮೆಟ್ಟಿಲು. ನಾನು ಆ ಏಳು ಮೆಟ್ಟಿಲನ್ನು ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದಿತ್ತು, ಚಂದ ಕಾಣಲಿ ಅಂತ ಕುಂಡ ಇಟ್ಟಿದ್ದೆ. ಮನುಷ್ಯರನ್ನು ತಿನ್ನುವ ರಕ್ಕಸಿಗೆ, ಹೆದರುವ ದೆವ್ವಕ್ಕೆ ಎಲ್ಲರಿಗೂ ಜಾಗ ಮಾಡಿದ್ದ ನಾನು ಈಕೆಯನ್ನು ಮರೆತಿದ್ದೆ. ಹೆಂಡತಿಗೆ ಕೇಳಿಸಿದೆ. “ಮೊದಲು ಆ ಪಾವಟಿಗಿ ಒಡೀರಿ” ಅಂದಳು.

ಮಾರನೆಯ ಕಥೆಯಲ್ಲಿ ರಕ್ಕಸಿ ಬಿಸಿಲು ಕಾಯಲು ಮೆಟ್ಟಿಲ ಮೇಲೆ ಕೂತಳು. ಅವಳ ಭಾರಕ್ಕೆ ಒಂದೊಂದಾಗಿ ಏಳೂ ಮೆಟ್ಟಿಲು ಪುಡಿಯಾದವು. ರಕ್ಕಸಿಗೆ ನಾಚಿಕೆಯಾಗಿ, ಬೆಕ್ಕು ಒಡೆಯಿತು ಅಂತ ಸುಳ್ಳು ಹೇಳಿದಳು. ಗೌಂಡಿ ಆಮೆ ಬಂದು, ತನ್ನ ಬೆನ್ನಿನ ಹಾಗೆ ಇಳಿಜಾರಾದ ಒಂದು ದಾರಿ ಕಟ್ಟಿಕೊಟ್ಟಿತು. ಮೊಟ್ಟಮೊದಲು ಅದರ ಮೇಲೆ ಚಹಾ ಕುಡಿಯಲು ಬಂದಾಕೆ ಅಕ್ಕಲಕೋಟದ ಒಬ್ಬ ಬ್ಲೌಸ್ ಹೊಲಿಯುವಾಕೆ, ಅಷ್ಟೇ ಅಲ್ಲ, ರಕ್ಕಸಿಯ ಹದಿನಾಲ್ಕು ಮೊಳದ ಬ್ಲೌಸಿಗೆ ಅಳತೆಯನ್ನೂ ತೆಗೆದುಕೊಂಡಳು.

ಆ ಕಥೆಯಾದ ಮೇಲೆ ಪ್ರಶ್ನೆಗಳು ಬರತೊಡಗಿದವು. ಕಿವಿ ಕೇಳದ ಒಬ್ಬನ ಹೆಂಡತಿ, “ನನ್ನ ಯಜಮಾನರಿಗೆ ಹೆಂಗ ಕೇಳಸ್ತೀರಿ?” ಅಂದಳು. ಅಣ್ಣನ ಮಗಳು ಪ್ರತಿ ಕಥೆಯನ್ನೂ ಬರೆದು ಹಾಕತೊಡಗಿದಳು, ಕನ್ನಡವನ್ನೇ, ದೇವನಾಗರಿ ಅಕ್ಷರದಲ್ಲಿ. ಇನ್ನೊಬ್ಬ ಕಾಲೇಜು ಹುಡುಗಿ ತನ್ನ ಓಣಿಯ ಹೆಸರು ಹೇಳಿ ಒಂದೇ ಸಾಲು ಕಳಿಸಿದಳು: “ಆಯಿ, ನಿಮ್ಮ ಅಂಗಡಿಯೊಳಗ ಎಲ್ಲಾರಿಗೂ ಒಂದs ನಮೂನಿ ಕಪ್ ಏನು, ನಮಗ ಬ್ಯಾರೆನಾ?”

ನಾನು ತಕ್ಷಣ ಎಲ್ಲರಿಗೂ ಒಂದೇ ಅಂತ ಉತ್ತರಿಸಲು ಹೋದೆ. ಹೆಂಡತಿ ನನ್ನ ಕೈ ಹಿಡಿದಳು. ನಮ್ಮ ಅಂಗಡಿಯ ಕಪಾಟಿನ ಮೂಲೆಯಲ್ಲಿ, ಕಸ ಗುಡಿಸುವ ಹೆಂಗಸಿಗೆ ಅಂತ ಬೇರೆ ಇಟ್ಟ ಒಂದು ಸ್ಟೀಲ್ ಗ್ಲಾಸು ಇತ್ತು. ನಮ್ಮಪ್ಪನ ಕಾಲದಿಂದ ಇತ್ತು. ಅದನ್ನು ದಿನಾ ನೋಡುತ್ತಿದ್ದೆವು, ನೋಡಿರಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೆಂಡತಿ ಎದ್ದು ಹೋಗಿ ಆ ಗ್ಲಾಸನ್ನು ಉಳಿದ ಪಾತ್ರೆಗಳ ಜೊತೆಗೆ ತೊಳೆದು ಬೆರೆಸಿಬಿಟ್ಟಳು.

ಮರುದಿನ ಕಸ ಗುಡಿಸುವಾಕೆ ನಮ್ಮೆಲ್ಲರ ಕಪ್ಪಿನಂಥದೇ ಕಪ್ಪು ನೋಡಿ ಕೆರಳಿದಳು. “ನನ್ನ ಗ್ಲಾಸ್ ಎಲ್ಲಿ ಹೋತು? ಅದರೊಳಗ ಎರಡು ಕಪ್ ಚಹಾ ಹಿಡೀತಿತ್ತು. ಇದೇನ್ ಔಷಧ ಕೊಡಾಕತ್ತೀರೇನು?” ಹೆಂಡತಿ ಕಪ್ಪುಗಳನ್ನೆಲ್ಲ ಮನೆಗೆ ಒಯ್ದು, ಅಂಗಡಿಗೆ ಅಷ್ಟೇ ದೊಡ್ಡ ಸ್ಟೀಲ್ ಗ್ಲಾಸುಗಳನ್ನು ತಂದಳು. ಈಗ ನಮ್ಮಣ್ಣನೂ ಎರಡು ಕಪ್ಪಿನಷ್ಟು ಚಹಾ ಕುಡಿಯುತ್ತಾನೆ, ಯಾಕೆ ಅಂತ ಅವನು ಕೇಳಿಲ್ಲ.

ಇಷ್ಟರಲ್ಲಿ ಅಕ್ಕಲಕೋಟದಾಕೆ ಒಂದು ದಿನ ಧ್ವನಿ ಕಳಿಸುವ ನಂಬರಿಗೆ ನೇರವಾಗಿ ಫೋನು ಮಾಡಿದಳು. ನಾನು ಎಂದಿನ ಹಾಗೆ ಮೀಸೆಯ ಧ್ವನಿಯಲ್ಲಿ “ಹಲೋ” ಅಂದುಬಿಟ್ಟೆ.

“ಆಯಿಗೆ ಫೋನ್ ಕೊಡ್ರಿ.”

“ಆಯಿ… ಜಳಕಕ್ಕ ಹೋಗ್ಯಾಳ.”

ಸಂಜೆಗೆ ಮತ್ತೆ ಬಂತು. ಆಯಿ ಜಳಕಕ್ಕೆ ಹೋಗಿದ್ದಳು. ಮರುದಿನವೂ ಹೋಗಿದ್ದಳು. ಮೂರನೆಯ ದಿನ ಆಕೆ, “ಏನ್ರಿ, ನಮ್ಮೂರಿಗೆ ನೀರು ನಾಕು ದಿನಕ್ಕೊಮ್ಮೆ ಬರ್ತದ, ನಿಮ್ಮ ಆಯಿಗೆ ಇಷ್ಟ ನೀರು ಯಾರ ಕೊಡ್ತಾರ?” ಅಂದಳು. ಹೆಂಡತಿ ನನ್ನ ಕೈಯಿಂದ ಫೋನು ಕಸಿದು, “ಅಕ್ಕಾರ, ಆಯಿ ಅಂದ್ರ ಇವರs. ನನ್ನ ಗಂಡ. ತಪ್ಪು ತಿಳಕೋಬ್ಯಾಡ್ರಿ, ಸ್ವಭಾವ ಚಲೋ ಅದ” ಅಂದಳು. ಆ ಕಡೆ ಹೊಲಿಗೆ ಯಂತ್ರದ ಸಪ್ಪಳ ನಿಂತಿತು. ಆಮೇಲೆ ನಗು ಶುರುವಾಯಿತು. ನಿಲ್ಲುವವರೆಗೂ ನಾವು ಕಾಯ್ದೆವು.

“ಅಣ್ಣಾ,” ಅಂದಳು ಕಡೆಗೆ, “ಗಂಡಸರಾದ್ರೂ ನಡೀತದ. ಒಂದ್ ಕೆಲಸ ಇತ್ತು.”

ಕೆಲಸ ಏನೆಂದರೆ, ಅಕ್ಕಲಕೋಟದ ಒಂದು ಕಚೇರಿ. ಯಾವುದು ಅಂತ ಹೇಳುವುದಿಲ್ಲ. ಆಕೆ ಮತ್ತು ಆಕೆಯಂಥವರು ಪ್ರತಿ ವರ್ಷ ಕಾಗದಪತ್ರಕ್ಕಾಗಿ ಅಲ್ಲಿಗೆ ಹೋಗಲೇಬೇಕು. ಬಾಗಿಲಿಗೆ ಒಂಬತ್ತು ಮೆಟ್ಟಿಲು. ಆಕೆ ಕೆಳಗೆ ಸೈಕಲ್ಲಿನ ಮೇಲೆ ಕೂತು ಕೂಗಬೇಕು, ಯಾರಾದರೂ ಬಂದು ಕಾಗದ ಒಯ್ಯಬೇಕು, ಸಹಿ ಬೇಕಾದರೆ ಇಬ್ಬರು ಸೇರಿ ಆಕೆಯನ್ನು ಕುರ್ಚಿಯಲ್ಲಿ ಎತ್ತಬೇಕು. “ನಾ ಏನ್ ಗಣಪತಿ ಏನ್ರಿ, ಹೊತ್ತುಕೊಂಡ ಹೋಗಾಕ?” ಅಂದಳು. “ಹೋದ ವರ್ಷ ಎತ್ತಿದವ ನಡುವ ಸೀನಿದ. ಜೀವ ಬಾಯಿಗೆ ಬಂತು. ಮೂರು ಸಲ ಅರ್ಜಿ ಕೊಟ್ಟೀನಿ, ಒಂದ್ ಉತ್ತರಾ ಇಲ್ಲ. ನಿಮ್ಮ ರಕ್ಕಸಿ ಒಂದ್ ಅರ್ಜಿ ಬರೀತಾಳೇನು?”

ರಕ್ಕಸಿ ಬರೆದಳು. ಮರಾಠಿಯಲ್ಲಿ, ಶುದ್ಧ ಸರ್ಕಾರಿ ಭಾಷೆಯಲ್ಲಿ. ಅಣ್ಣನ ಮಗಳು ಟೈಪು ಮಾಡಿದಳು. ಅರ್ಜಿದಾರಳ ಹೆಸರು: ರಕ್ಕಸಿ. ವಯಸ್ಸು: 412. ಉದ್ಯೋಗ: ಮೊದಲು ಮನುಷ್ಯರನ್ನು ತಿನ್ನುವುದು, ಸದ್ಯ ಚಹಾ. ವಿಷಯ: ನನ್ನ ಬಾಲ ಉದ್ದವಾಗಿದ್ದು, ತಮ್ಮ ಕಚೇರಿಯ ಒಂಬತ್ತು ಮೆಟ್ಟಿಲ ಮೇಲೆ ಸಿಕ್ಕಿಬೀಳುತ್ತದೆ. ಮೂರು ಗಾಲಿಯ ಮೇಲೆ ಬರುವ ನನ್ನ ಗೆಳತಿಯರಿಗೂ ಇದೇ ತೊಂದರೆ ಇದೆ. ಆದ್ದರಿಂದ ಒಂದು ಇಳಿಜಾರು ದಾರಿ ಮಾಡಿಸಿಕೊಡಬೇಕಾಗಿ ವಿನಂತಿ. ಉತ್ತರಕ್ಕೆ ವಿಳಾಸ: ಬ್ಲೌಸ್ ಹೊಲಿಯುವಾಕೆಯ ಮನೆ, ಅಕ್ಕಲಕೋಟ.

ಇದನ್ನು ಕಥೆಯಲ್ಲಿ ಓದಿ ಹೇಳಿದೆ. ಕೇಳುವವರಿಗೆ ಹುಚ್ಚು ಹಿಡಿಯಿತು. ಅದೇ ಕಚೇರಿಗೆ ಗೂಗೆಯಿಂದ ಅರ್ಜಿ, ಆಮೆಯಿಂದ ಅಂದಾಜುಪಟ್ಟಿ, ದೆವ್ವದಿಂದ ‘ಮೆಟ್ಟಿಲ ಹತ್ತಿರ ದೀಪವನ್ನೂ ಹಾಕಿಸಿ’ ಅಂತ ಪುರವಣಿ ಅರ್ಜಿ. ಅಣ್ಣನ ಮಗಳು ಇನ್ನೊಂದು ಉಪಾಯ ಮಾಡಿದಳು. ಎಲ್ಲರೂ ತಮ್ಮ ತಮ್ಮ ಊರಿನ ಮೆಟ್ಟಿಲಿನ ಫೋಟೋ ತೆಗೆದು, ಮೆಟ್ಟಿಲ ಬುಡದಲ್ಲಿ ಒಂದು ಚಹಾದ ಕಪ್ಪು ಇಟ್ಟು, “ರಕ್ಕಸಿ ಹೆಂಗ ಬರಬೇಕು?” ಅಂತ ಬರೆದು ಹಾಕಬೇಕು. ಫೋಟೋಗಳು ಸುರಿದವು. ಮದುವೆ ಹಾಲಿನ ಮೆಟ್ಟಿಲು, ದವಾಖಾನೆಯ ಮೆಟ್ಟಿಲು, ಎಣಿಸಲಾಗದಷ್ಟು ಅಂಗಡಿಗಳ ಮೆಟ್ಟಿಲು. ಕಂದಲಗಾಂವದ ಒಬ್ಬ ಹುಡುಗಿ ತನ್ನ ಮನೆಯ ಮೆಟ್ಟಿಲನ್ನೇ ತೆಗೆದು, “ನಮ್ಮ ಅಜ್ಜಿ ಇದನ್ನ ಇಳಿಯಲಾರದ್ದಕ್ಕ ಹೊಲ ನೋಡಿ ಎರಡು ವರ್ಷ ಆತು” ಅಂತ ಬರೆದಿದ್ದಳು.

ಒಂದು ಬೆಳಿಗ್ಗೆ ಫೋಟೋ ನೋಡುತ್ತ ಕೂತವನಿಗೆ ಗುರುತಿನ ಮೂರು ಮೆಟ್ಟಿಲು ಕಂಡವು. ಮೇಲೆ ಗಾದಿ. ಗಾದಿಯ ಮೇಲೆ ನಮ್ಮಣ್ಣ ಮೂಗು ತುರಿಸಿಕೊಳ್ಳುತ್ತ ಕೂತಿದ್ದ. ಬುಡದಲ್ಲಿ ಕಪ್ಪು. “ರಕ್ಕಸಿ ಹೆಂಗ ಬರಬೇಕು?”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು, “ಬಂದ್ಲು ನೋಡ್ರಿ ನಿಮ್ಮ ರಕ್ಕಸಿ, ನಿಮ್ಮ ಮನಿ ಬಾಗಿಲಿಗೆ” ಅಂದಳು.

ಆ ಫೋಟೋ ಸುತ್ತಿ ಸುತ್ತಿ ಅಣ್ಣನ ಮೊಬೈಲಿಗೂ ತಲುಪಿತು. ಅವನು ನನ್ನನ್ನು ಕರೆದ. “ಯಾವಾಕಿ ಈಕಿ ರಕ್ಕಸಿ? ಪೂರಾ ಪೇಠ ನನ್ನ ಮೂಗು ನೋಡಾಕತ್ತದ. ನಿನ್ನ ಮರಾಠಿ ಚಲೋ ಅದ. ಈಕಿ ಮ್ಯಾಲ ಪೊಲೀಸರಿಗೆ ಒಂದ್ ತಕ್ರಾರ ಬರಿ.”

ಅಣ್ಣನ ಮಾತಿಗೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ. ಕೂತು ಬರೆದೆ. ಸದರಿ ರಕ್ಕಸಿಯು ವಂಚಕಿಯೂ ಸೋಮಾರಿಯೂ ಆಗಿದ್ದು, ಮರ್ಯಾದಸ್ಥ ವ್ಯಾಪಾರಿಗಳ ಹೆಸರು ಕೆಡಿಸುತ್ತಿದ್ದಾಳೆ ಅಂತ ನನ್ನ ಮೇಲೆ ನಾನೇ ಬರೆದ ಒಂದು ಪುಟದ ದೂರು. ಅಣ್ಣ ಓದಿ, “ಸೋಮಾರಿ ಅನ್ನೂದು ಚಲೋ ಬರದಿ” ಅಂತ ಮೆಚ್ಚಿದ. “ಈಕಿ ಹೆಸರು, ಪತ್ತಾ?” ಅಂತ ಕೇಳಿದ. ಅಲ್ಲಿ ನನ್ನ ಪೆನ್ನು ನಿಂತಿತು.

“ಪತ್ತಾ ಇದs,” ಅಂದೆ. “ನಮ್ಮ ಹಿಂದಿನ ಖೋಲಿ.”

ಅಣ್ಣ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಮಗಳನ್ನೂ ಬೈದ. ಎಂಟನೆಯ ದಿನ ಬಟ್ಟೆಯ ಗಂಟು ಹೊತ್ತು ತರುವ ಹಮಾಲ ಮೆಟ್ಟಿಲ ಮೇಲೆ ಉಸ್ಸಂತ ಕೂತು, “ಸೇಠ್, ಆ ರಕ್ಕಸಿ ಮಾತು ಕೇಳ್ರಿ. ಇಲ್ಲೊಂದು ಉತಾರ ಮಾಡಿದ್ರ ಸಾಮಾನಿನ ಹಾತಗಾಡಿ ಸೀದಾ ಒಳಗ ಬರ್ತದ, ಗಂಟು ಹೊರೂದು ತಪ್ಪತದ” ಅಂದ. ಅಣ್ಣ ಕೆಳಗಿಳಿದು ಮೆಟ್ಟಿಲನ್ನು ಎಡದಿಂದ ನೋಡಿದ, ಬಲದಿಂದ ನೋಡಿದ. ಒಂದು ಬದಿಗೆ ಇಳಿಜಾರು ಕಟ್ಟಿಸಿದ. “ಗಂಟಿನ ಸಲುವಾಗಿ ಮಾಡ್ಸೀನಿ, ರಕ್ಕಸಿ ಸಲುವಾಗಿ ಅಲ್ಲ” ಅಂತ ಕೇಳಿದವರಿಗೂ ಕೇಳದವರಿಗೂ ಹೇಳಿದ. ಮೊಣಕಾಲು ನೋವಿನ ಗಿರಾಕಿಗಳು ಮೊದಲ ದಿನದಿಂದಲೇ ಅದರ ಮೇಲೆ ಹತ್ತಿ ಬಂದರು.

ಅಕ್ಕಲಕೋಟದ ಕಚೇರಿಯಿಂದಲೂ ಉತ್ತರ ಬಂತು. ಅಲ್ಲಿ ಯಾರೂ ಅರ್ಜಿಯನ್ನು ಓದಿರಲಿಲ್ಲ ಅಂತ ಕಾಣುತ್ತದೆ. ‘ಅರ್ಜಿದಾರ ಶ್ರೀಮತಿ ರಕ್ಕಸಿ ಇವರು ಬರುವ ಮಂಗಳವಾರ ಹನ್ನೊಂದು ಗಂಟೆಗೆ ಆಧಾರ್ ಕಾರ್ಡಿನೊಂದಿಗೆ ಸ್ವತಃ ಹಾಜರಾಗಬೇಕು’ ಅಂತ ಇತ್ತು, ಕೆಳಗೆ ಕಚೇರಿಯ ಗುಂಡು ಮೊಹರು.

ನಾನು ಹೆದರಿದೆ. ಆದರೆ ಒಳಗೊಳಗೆ ಹಿಗ್ಗಿದೆ ಕೂಡ. ರಕ್ಕಸಿಯ ವೇಷ ಹಾಕಿಕೊಂಡು ಆ ಮೆಟ್ಟಿಲ ಬುಡದಲ್ಲಿ ನಿಂತು ಏನೇನು ಮಾತಾಡಬೇಕು ಅಂತ ಕನ್ನಡಿಯ ಮುಂದೆ ತಾಲೀಮು ಮಾಡಿದೆ. ಫೋನು ಮಾಡಿ ಬ್ಲೌಸ್ ಹೊಲಿಯುವಾಕೆಗೆ ಭಾಷಣ ಹೇಳಿಯೂ ತೋರಿಸಿದೆ.

“ಚಲೋ ಅದ ಅಣ್ಣಾ,” ಅಂದಳು. “ಆದರ ನೀವು ಮಾತಾಡಬ್ಯಾಡ್ರಿ. ಧ್ವನಿ ನಿಮ್ಮದು, ಖರೆ. ಪಾವಟಿಗಿ ನಮ್ಮವು. ರಕ್ಕಸಿ ನಾ ಆಗ್ತೀನಿ.”

“ಹಂಗಾದ್ರ ನಾನು?”

“ನೀವು ಬಾಲ ಆಗ್ರಿ.”

ಆಕೆಗೆ ಬಟ್ಟೆ ಕಳಿಸಿದೆ. ನಮ್ಮ ಅಂಗಡಿಯಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದ ಒಂದು ಥಾನಿತ್ತು, ಹಸಿರಿನ ಮೇಲೆ ಬದನೆಕಾಯಿ ಬಣ್ಣದ ಚುಕ್ಕಿ. ಆಕೆ ಅದರಲ್ಲಿ ಒಂದು ಮುಖವಾಡ, ತನ್ನ ಸೈಕಲ್ಲಿಗೆ ಒಂದು ಹೊದಿಕೆ, ಹಿಂದೆ ಉದ್ದನೆಯ ಬಾಲ ಹೊಲಿದಳು. ಬಾಲದ ತುದಿ ನನ್ನ ಹೊಟ್ಟೆಯ ಅಳತೆಯದು. ಅಳತೆಯನ್ನು ಹೆಂಡತಿ ಫೋನಿನಲ್ಲಿ ಹೇಳಿದ್ದಳು, ಎರಡು ಇಂಚು ಹೆಚ್ಚಿಗೆ.

ಮಂಗಳವಾರ ನಾನು, ಹೆಂಡತಿ, ಅಣ್ಣನ ಮಗಳು ಮೂವರೂ ಎಸ್‌ಟಿ ಬಸ್ಸಿನಲ್ಲಿ ಹೋದೆವು. ಆಕೆಯನ್ನು ಮೊದಲ ಸಲ ನೋಡಿದ್ದು ಅಲ್ಲೇ. ಕುತ್ತಿಗೆಗೆ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಸೂಜಿ ತೆಗೆಯದೆಯೇ “ಬರ್ರಿ ವೈನಿ” ಅಂತ ನನ್ನ ಹೆಂಡತಿಯನ್ನು ಕರೆದು, ನನ್ನ ಮೀಸೆ ನೋಡಿ ಮತ್ತೆ ನಗತೊಡಗಿದಳು. ಮೂರು ಗಾಲಿಯವರು ಇನ್ನೂ ನಾಲ್ಕು ಜನ ಬಂದಿದ್ದರು, ಊರುಗೋಲಿನ ಒಬ್ಬ ನಿವೃತ್ತ ಮಾಸ್ತರರು ಬಂದಿದ್ದರು. ದುಧನಿಯಿಂದ ರೈಲಿನಲ್ಲಿ ಬಂದ ಮೂವರು ಹೆಣ್ಣುಮಕ್ಕಳು ಮೊರಕ್ಕೆ ಕಣ್ಣು ಬರೆದು ಗೂಗೆಯಾಗಿದ್ದರು.

ಮೆರವಣಿಗೆ ಹೊರಟಿತು. ಮುಂದೆ ಆಕೆ ಕೈಯಿಂದ ಪೆಡಲು ತಿರುಗಿಸುತ್ತ, ಹಿಂದೆ ಬಾಲದ ತುದಿಯಲ್ಲಿ ನಾನು, ಹೊಟ್ಟೆಯವರೆಗೆ ಚುಕ್ಕಿ ಬಟ್ಟೆಯೊಳಗೆ, ಸೊಂಟದ ಬೆಲ್ಟು ಬಿಗಿದುಕೊಂಡು. ಊರಿನ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಬಂದ ಪರವೂರಿನ ಭಕ್ತರು ಯಾವುದೋ ದೇವಿಯ ಉತ್ಸವ ಅಂದುಕೊಂಡು ಕೈ ಮುಗಿದರು. ಒಬ್ಬ ಅಜ್ಜಿ ಮುಖವಾಡಕ್ಕೆ ಕುಂಕುಮ ಹಚ್ಚಿ, ಬಾಲಕ್ಕೂ ನಮಸ್ಕಾರ ಮಾಡಿದಳು. ನಾನು ಏನೂ ತೋಚದೆ, “ಸುಖವಾಗಿರು” ಅಂದೆ. ಅಷ್ಟರಲ್ಲಿ ಯಾರೋ, “ಸೇಠ್, ನೀವೇನ್ರಿ ಇದು?” ಅಂದರು. ನಮ್ಮ ಅಂಗಡಿಯ ಹಳೆಯ ಗಿರಾಕಿ. ಉತ್ತರ ಹುಡುಕುವುದರೊಳಗೆ ಆತ ಫೋಟೋ ಹೊಡೆದಾಗಿತ್ತು.

ಕಚೇರಿಯ ಮುಂದೆ ರಕ್ಕಸಿಯ ಸೈಕಲ್ಲು ನಿಂತಿತು. ಮುಂದಿನ ಗಾಲಿ ಮೊದಲನೆಯ ಮೆಟ್ಟಿಲಿಗೆ ತಾಗಿ, ಬಾಲ ರಸ್ತೆಗೆ ಅಡ್ಡವಾಗಿ, ಒಂದು ಟೆಂಪೋ ಹಾರ್ನು ಹೊಡೆಯತೊಡಗಿತು. ಕಿಟಕಿಗಳಲ್ಲಿ ಕಾರಕೂನರ ತಲೆಗಳು ತುಂಬಿದವು. ಗದ್ದಲ ಕೇಳಿ ಸಾಹೇಬರೇ ಇಳಿದು ಬಂದರು. ವರ್ಗವಾಗಿ ಹೊಸದಾಗಿ ಬಂದವರು, ನನಗಿಂತ ಬಹಳ ಚಿಕ್ಕವರು. ಕೈಯಲ್ಲಿ ನಮ್ಮದೇ ಫೈಲು.

“ಅರ್ಜದಾರ ಕೋಣ?” ಅಂದರು. ಅರ್ಜಿದಾರರು ಯಾರು?

“ನಾನು,” ಅಂತ ಮುಖವಾಡ ಮರಾಠಿಯಲ್ಲಿ ಹೇಳಿತು. ಬದಿಯಿಂದ ಒಂದು ಕೈ ಹೊರಗೆ ಬಂದು ಆಧಾರ್ ಕಾರ್ಡು ಕೊಟ್ಟಿತು.

ಸಾಹೇಬರು ಕಾರ್ಡು ನೋಡಿದರು. “ಇದರಲ್ಲಿ ವಯಸ್ಸು ನಲವತ್ತೊಂದು ಬರುತ್ತದೆ. ಅರ್ಜಿಯಲ್ಲಿ ನಾಲ್ಕುನೂರ ಹನ್ನೆರಡು ಇದೆ.”

“ಟೈಪಿಂಗಿನ ತಪ್ಪು ಸಾಹೇಬ. ಕೊನೆಗೆ 2 ಅಂತ ಒಂದು ಅಂಕಿ ಹೆಚ್ಚಿಗೆ ಬಿದ್ದಿದೆ.”

ಸಾಹೇಬರು ಅದನ್ನು ಒಪ್ಪಿದರು. ಕಚೇರಿಯಲ್ಲಿ ಅದು ದಿನನಿತ್ಯದ ಮಾತು. “ಮುಖವಾಡ ತೆಗೆಯಿರಿ, ಫೋಟೋ ತಾಳೆ ನೋಡಬೇಕು.”

“ಆಧಾರದ ಫೋಟೋದಲ್ಲಿ ನಾನು ಇದಕ್ಕಿಂತ ಭಯಂಕರ ಕಾಣುತ್ತೇನೆ, ಸಾಹೇಬ” ಅನ್ನುತ್ತ ಆಕೆ ಮುಖವಾಡ ತೆಗೆದಳು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಕಿಟಕಿಯ ಕಾರಕೂನರೂ ನಕ್ಕರು. ನಗು ನಿಂತ ಮೇಲೆ ಆಕೆ ಕೇಳಿದಳು.

“ನೀವು ಮೇಲಿಂದ ಇಳಿದು ಬರಲು ಎಷ್ಟು ಹೊತ್ತು ಹಿಡಿಯಿತು, ಸಾಹೇಬ?”

“ಅರ್ಧ ನಿಮಿಷ.”

“ನಾನು ಆರು ವರ್ಷದಿಂದ ಹತ್ತುತ್ತಿದ್ದೇನೆ. ಇನ್ನೂ ಮುಟ್ಟಿಲ್ಲ.”

ಟೆಂಪೋದವನು ಹಾರ್ನು ನಿಲ್ಲಿಸಿದ. ಸಾಹೇಬರು ಮೂರನೆಯ ಮೆಟ್ಟಿಲ ಮೇಲೆ ಕೂತು, ಪೆನ್ನು ತೆಗೆದು, ಒಬ್ಬೊಬ್ಬರಾಗಿ ಹೇಳಿ ಅಂದರು. ಮೂರು ಗಾಲಿಯವರು ಹೇಳಿದರು, ಮಾಸ್ತರರು ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಬಾಲದೊಳಗೆ ನಿಂತಿದ್ದೆ. ನಾನು ತಾಲೀಮು ಮಾಡಿದ್ದ ಭಾಷಣದ ಒಂದು ಮಾತೂ ಅಲ್ಲಿ ಬೇಕಾಗಲಿಲ್ಲ, ಅದಕ್ಕಿಂತ ಚೆನ್ನಾಗಿತ್ತು ಅವರ ಮಾತು.

ಗಿರಾಕಿ ಹೊಡೆದ ಫೋಟೋ ಆ ಸಂಜೆಯೇ ಎಲ್ಲ ಕಡೆ ಹೋಯಿತು. ರಕ್ಕಸಿ ಆಯಿಗೆ ಮೀಸೆ ಇದೆ ಅಂತ ಜಗತ್ತಿಗೆ ತಿಳಿಯಿತು. ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಒಬ್ಬ ಹೆಣ್ಣುಮಗಳು, “ನಾ ಆಯಿ ಅಂತ ತಿಳದು ನನ್ನ ಮುಟ್ಟಿನ ತ್ರಾಸು, ಅತ್ತಿ ತ್ರಾಸು ಎಲ್ಲಾ ಹೇಳಿದ್ನೆಲ್ಲೋ ಮುದುಕಾ!” ಅಂತ ಧ್ವನಿ ಕಳಿಸಿದಳು. ಅದು ನ್ಯಾಯವೇ. ನನ್ನ ಸ್ವಂತ ಧ್ವನಿಯಲ್ಲಿ, ಕಥೆಯಿಲ್ಲದೆ, ಎಲ್ಲರ ಕ್ಷಮೆ ಕೇಳಿದೆ. ಅಂಥ ಮಾತುಗಳೆಲ್ಲ ಇನ್ನು ಮೇಲೆ ನನ್ನ ಹೆಂಡತಿಗೆ ಹೋಗುತ್ತವೆ ಅಂತ ಏರ್ಪಾಡು ಮಾಡಿದೆವು.

ಕೆಲವು ತಿಂಗಳ ಮೇಲೆ ಬ್ಲೌಸ್ ಹೊಲಿಯುವಾಕೆಯ ಫೋನು ಬಂತು. “ಅಣ್ಣಾ, ರ‍್ಯಾಂಪ್ ಆಗ್ಯಾದ!”

“ಅಭಿನಂದನೆ! ಹತ್ತಿದ್ರೇನು?”

“ನಾ ಹತ್ತಿಲ್ಲ. ಆಡು ಹತ್ತಾಕತ್ತಾವ. ಓಣಿ ಹುಡುಗೂರು ಮ್ಯಾಲಿಂದ ಜಾರಾಕತ್ತಾವ.”

ಕಟ್ಟಿದವರು ಒಂಬತ್ತು ಮೆಟ್ಟಿಲಿನ ಎತ್ತರವನ್ನು ಮೂರೇ ಹೆಜ್ಜೆಯ ಜಾಗದಲ್ಲಿ ಇಳಿಸಿದ್ದರು. ಆಕೆ ಪೆಡಲು ತಿರುಗಿಸಿ ಅರ್ಧಕ್ಕೆ ಹೋಗಿ, ಹಿಮ್ಮುಖವಾಗಿ ಉರುಳಿ, ಕಚೇರಿಯ ಮುಂದಿನ ಕಬ್ಬಿನ ಹಾಲಿನವನ ಗಾಡಿಗೆ ಗುದ್ದಿದ್ದಳು. ಪೆಟ್ಟಾಗಿರಲಿಲ್ಲ, ಒಂದು ಗ್ಲಾಸು ಹಾಲು ಪುಕ್ಕಟೆ ಸಿಕ್ಕಿತ್ತು. ಆ ವಾರ ಆರಾಮವಾಡಿಯಲ್ಲಿ ರಕ್ಕಸಿ ಇಳಿಜಾರಿನಿಂದ ಉರುಳಿ, ಗೂಗೆಯ ಟಪಾಲು ಚೆಲ್ಲಾಪಿಲ್ಲಿ ಮಾಡಿ, ಕೆರೆಗೆ ಬಿದ್ದಳು. ಈ ಕಥೆಯಲ್ಲಿ ರಕ್ಕಸಿಗೆ ಧ್ವನಿ ಕೊಟ್ಟಾಕೆ ಬ್ಲೌಸ್ ಹೊಲಿಯುವಾಕೆಯೇ. ನನಗೆ ಆಮೆಯ ಪಾತ್ರ ಸಿಕ್ಕಿತು. ಕೇಳಿದವರೆಲ್ಲ ಆಡುಗಳ ಫೋಟೋ ಹಾಕಿ, “ರಕ್ಕಸಿ ಆಡು ಅಲ್ಲ” ಅಂತ ಬರೆದರು.

ಸಾಹೇಬರು ಇದನ್ನು ಯಾರಿಂದಲೋ ಕೇಳಿರಬೇಕು. ಎರಡನೆಯ ಸಲ ಕಟ್ಟುವಾಗ ಆಕೆಯನ್ನೇ ಕರೆಸಿದರು. ಆಕೆ ಕುತ್ತಿಗೆಯ ಟೇಪು ತೆಗೆದು, ತನ್ನ ಸೈಕಲ್ಲಿನ ಅಗಲ ಅಳೆದು, ಗೋಡೆಯಿಂದ ಗೇಟಿನವರೆಗೆ ಅಳೆದು, ಗೌಂಡಿಗಳಿಗೆ ಬ್ಲೌಸಿನ ಹಾಗೆ ಗುರುತು ಹಾಕಿಕೊಟ್ಟಳಂತೆ. ಇಳಿಜಾರು ಈ ಸಲ ಗೇಟಿನ ಹತ್ತಿರದಿಂದ ಶುರುವಾಗಿ, ಬೇವಿನ ಮರ ಸುತ್ತಿ, ಸಾವಕಾಶ ಹತ್ತಿತು.

ಮೊದಲ ದಿನ ನೋಡಲು ನಾನೂ ಹೆಂಡತಿಯೂ ಹೋಗಿದ್ದೆವು. ವೇಷವಿಲ್ಲ, ಮೆರವಣಿಗೆಯಿಲ್ಲ. ಆಕೆ ಹೊಸ ಸೀರೆ ಉಟ್ಟು, ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು, ಪೆಡಲು ತಿರುಗಿಸುತ್ತ ಮೇಲೆ ಹೋದಳು. ಯಾರೂ ಕೈ ಹಚ್ಚಲಿಲ್ಲ. ಬಾಗಿಲು ದಾಟಿದಳು. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ಐದು ನಿಮಿಷಕ್ಕೆ ಆಕೆ ವಾಪಸು ಇಳಿದು ಬಂದಳು. ಕಾಗದ ಹಾಗೇ ತೊಡೆಯ ಮೇಲಿದ್ದವು.

“ಏನಾತು?” ಅಂತ ನಾನು ಗಾಬರಿಯಾಗಿ ಕೇಳಿದೆ.

“ಒಳಗ ಕಾರಕೂನ ಊಟಕ್ಕ ಎದ್ದಿದ್ದ. ಮೂರು ಗಂಟೇಕ ಬರ್ರಿ ಅಂದ.”

ನನಗೆ ಸಿಟ್ಟು ಬಂತು. ಆಕೆಯ ಮುಖ ಮಾತ್ರ ಅರಳಿತ್ತು.

“ಸಿಟ್ಟ್ ಯಾಕ ಮಾಡ್ಕೋತೀರಿ ಅಣ್ಣಾ? ನನ್ನ ಮುಂದ ಇಬ್ಬರು ನಿಂತಿದ್ರು, ಕಾಲಿದ್ದವರು. ಅವರಿಗೂ ಮೂರು ಗಂಟೇಕs ಬರ್ರಿ ಅಂದಾನ. ಎಲ್ಲಾರಿಗೂ ಅಂದಂಗ ನನಗೂ ಅಂದಾನ” ಅಂದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, “ವೈನಿ, ಹಸಿವ್ಯಾಗ್ಯದ. ನಡೀರಿ, ನಮ್ಮ ಮನಿಯೊಳಗ ಜುಣಕಾ ಭಾಕರಿ ಮಾಡಿಟ್ಟು ಬಂದೀನಿ” ಅನ್ನುತ್ತ ಸೈಕಲ್ಲು ತಿರುಗಿಸಿದಳು.